ತಲಕಾಡಿನ ಮರಳಿನಲ್ಲಿ ಅವಧಾನಿಗಳನ್ನು ಕಾದದ್ದು

ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದೆ. ಹಿತ್ತಲಿನ ರಸಬಾಳೆಯ ಬುಡಕ್ಕೆ ಬೂದಿ ಹಾಕಿದೆ. ಕಪಿಲೆಯಲ್ಲಿ ಸ್ನಾನ ಮುಗಿಸಿ, ಬರುವಾಗ ಒಂದು ಕಟ್ಟು ದಂಟಿನ ಸೊಪ್ಪು ತಂದೆ. ಅಕ್ಕಿಯಲ್ಲಿ ಹುಳ ಕಂಡಿತ್ತು. ಮೊರದಲ್ಲಿ ಕೇರಿ ಬಿಸಿಲಿಗೆ ಹರಡಿದೆ. ಕುಂಚದ ಹಿಡಿ ಸಡಿಲವಾಗಿತ್ತು, ಹೊಸ ದಾರ ಬಿಗಿದು ಸುತ್ತಿದೆ. ಸರ್ಕಾರದ ಕೆಲಸದಲ್ಲಿದ್ದಾಗ ಶಾಸನದ ಕಲ್ಲುಗಳ ಮೇಲೆ ಕಾಗದ ಬಡಿಯುತ್ತಿದ್ದದ್ದು ಇದೇ ಕುಂಚದಲ್ಲಿ. ಈಗ ಮನೆಯವಳು ಇದರಲ್ಲಿ ಒರಳುಕಲ್ಲು ಉಜ್ಜುತ್ತಾಳೆ.

ದಾರ ಸುತ್ತುತ್ತಿದ್ದಾಗಲೇ ಮೈಸೂರಿನ ರೈಲು ಇಳಿದು ಒಬ್ಬರು ಬಂದರು. ನಮ್ಮ ಇಲಾಖೆಗೆ ಹೊಸದಾಗಿ ಸೇರಿದವರು. ಮೊದಲ ಸರ್ಕೀಟು ತಲಕಾಡಿನ ಕಡೆಗಂತೆ. "ಅಲ್ಲಿ ಏನೇನು ಜೋಪಾನ ಮಾಡಬೇಕು, ಸ್ವಲ್ಪ ಹೇಳಿ" ಎಂದರು. ಕಾಗದ, ಮಸಿ, ಛತ್ರಿ, ಕುಡಿಯುವ ನೀರು ಎಂದೆಲ್ಲ ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಅವರು ಬೀದಿ ತಿರುಗಿದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲವಲ್ಲ ಅನ್ನಿಸಿ ಮನಸ್ಸು ಕಸಿವಿಸಿಯಾಯಿತು. ಅದಕ್ಕೇ ಊಟವಾದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಕೆಲಸ ಹೇಳಲು ಸುಲಭ. ಕಲ್ಲು ತೊಳೆಯುವುದು, ಅದರ ಮೇಲೆ ಒದ್ದೆ ಕಾಗದ ಹಾಸುವುದು, ಕುಂಚದಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಯೊಳಕ್ಕೆ ಇಳಿಸುವುದು, ಅರೆ ಒಣಗಿದಾಗ ಮಸಿಯಲ್ಲಿ ಅದ್ದಿದ ಬಟ್ಟೆಯುಂಡೆಯನ್ನು ಒತ್ತುವುದು. ಅಕ್ಷರ ಬೆಳ್ಳಗೆ ಉಳಿದು ಮಿಕ್ಕದ್ದೆಲ್ಲ ಕಪ್ಪಾಗುತ್ತದೆ. ಪೂರ್ತಿ ಒಣಗಿದ ಮೇಲೆ ಬಿಡಿಸಿ ಸುರುಳಿ ಸುತ್ತಬೇಕು. ಇದಕ್ಕೆ ನಾವು ಅಚ್ಚು ಎನ್ನುತ್ತಿದ್ದೆವು. ಒಣಗುವವರೆಗೆ ಕಾಯುವುದೇ ಕಷ್ಟ. ಹಸಿಯಲ್ಲಿ ಬಿಡಿಸಿದರೆ ಹರಿಯುತ್ತದೆ. ಮಸಿ ಒತ್ತಿದ ಮೇಲೆ ನೀರು ಬಿದ್ದರೆ ಅಷ್ಟೂ ಕೆಡುತ್ತದೆ. ಬನ್ನೂರಿನಲ್ಲಿ ಒಮ್ಮೆ ನಾನು ಎಲೆಯಡಿಕೆ ಹಾಕಿಕೊಳ್ಳಲು ಅತ್ತ ತಿರುಗಿದಾಗ ಮೇಕೆಯೊಂದು ಬಂದು ಒಂದು ದಾನಶಾಸನದ ಕೆಳಗಿನ ಅರ್ಧವನ್ನು ತಿಂದುಹಾಕಿತು. "ಮಸಿ ತಿಂದು ನನ್ ಮ್ಯಾಕೆ ಸತ್ರೆ ಯಾರ್ ಕೊಟ್ಟಾರು ಸಾ?" ಎಂದು ಅದರ ಯಜಮಾನ ನನ್ನನ್ನೇ ಹಿಡಿದುಕೊಂಡ. ಮೇಕೆಗೆ ಏನೂ ಆಗಲಿಲ್ಲ. ಈಗಿನವರ ಕೈಗೆ ಕ್ಯಾಮೆರಾ ಬಂದಿದೆ, ನೆರಳು ಬೆಳಕು ನೋಡಿ ಒಂದು ಗಳಿಗೆಯಲ್ಲಿ ಮುಗಿಸುತ್ತಾರೆ. ಆದರೂ ಸವೆದ ಕಲ್ಲಿಗೆ ಅಚ್ಚೇ ಆಗಬೇಕು. ಇದನ್ನು ಅವರೇ ಒಪ್ಪುತ್ತಾರೆ.

ನಾನು ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದು ಯಾರಿಗೂ ಬೇಡ. ನಾನು ಕೆಲಸ ಕಲಿತದ್ದು ಅವಧಾನಿಗಳ ಕೈಕೆಳಗೆ, ಮಹಾರಾಜರಿಗೆ ಪಟ್ಟವಾದ ಹೊಸತರಲ್ಲಿ. ಅವರ ಮನೆಯೂ ನಂಜನಗೂಡಿನಲ್ಲೇ, ನಮ್ಮ ಹಿಂದಿನ ಬೀದಿಯಲ್ಲಿತ್ತು. ಹಳಗನ್ನಡದ ಎಂಥ ಮುರುಕು ಸಾಲನ್ನೂ ಬೆರಳಿನಲ್ಲಿ ಸವರಿ ಓದುವವರು. ಆಗಲೇ ವಯಸ್ಸಾಗಿತ್ತು, ಎರಡು ಮಂಡಿಯೂ ಹಿಡಿದುಕೊಳ್ಳುತ್ತಿದ್ದವು. ಅವರ ವಿಷಯದಲ್ಲಿ ನನಗೆ ಎರಡು ಭಯ. ಒಂದು, ಕಲ್ಲು ಪೂರ್ತಿ ಕಾಣಲಿ ಎಂದು ಅವರು ಹಿಂದು ಮುಂದು ನೋಡದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ಇನ್ನೊಂದು, ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆ ಆ ದಿನದ ಕಲ್ಲು ಓದಿ ಮುಗಿಯುವವರೆಗೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಊಟವಾಗುವವರೆಗೆ ಅವರನ್ನೂ ಯಾರೂ ಮುಟ್ಟುವ ಹಾಗಿಲ್ಲ. ನಾನು ಅವರಿಗೆ ಅಡುಗೆ ಮಾಡಿ ಹಾಕುವವನೇ ಆದರೂ, ಮಸಿ ಕೈಯವನೆಂದು ಮಾರು ದೂರದಲ್ಲೇ ಇರಬೇಕಾಗಿತ್ತು.

ತಲಕಾಡಿಗೆ ಹೊರಟ ದಿನ ಅವರ ಮನೆಯಾಕೆ ಭಾಗೀರಥಮ್ಮನವರು ಗಾಡಿಯ ತನಕ ಬಂದರು. ಒಂದು ಕೈಯಲ್ಲಿ ಅವಲಕ್ಕಿಯ ಗಂಟು, ಇನ್ನೊಂದರಲ್ಲಿ ಗೊಜ್ಜಿನ ಭರಣಿ. ಹಿಂದಿನ ವರ್ಷ ಅಲ್ಲಿ ಗುಡಿಯ ಸುತ್ತ ತೋಡುವಾಗ ಕೂಲಿಯವನೊಬ್ಬ ಮರಳಿನಡಿ ಸಿಕ್ಕಿ ಸತ್ತಿದ್ದ. ಆ ಸುದ್ದಿ ನಂಜನಗೂಡಿಗೂ ಬಂದಿತ್ತು.

"ನೋಡಪ್ಪ ನರಸೂ" ಎಂದರು ನನಗೆ, "ಇವರಿಗೆ ಕಲ್ಲು ಕಂಡರೆ ಕಾಲು ಕಾಣೋಲ್ಲ. ಆ ಮರಳು ಗುಂಡಿಗೆ ಮಾತ್ರ ಇಳಿಸಬೇಡ. ಹೋದ ಹಾಗೇ ಕರಕೊಂಡು ಬಂದು ನನ್ನ ಮುಂದೆ ನಿಲ್ಲಿಸು."

"ನಾನೇನು ಕರುವೇ, ಹಗ್ಗ ಹಿಡಿದು ತರೋಕೆ?" ಎಂದರು ಗಾಡಿಯೊಳಗಿನಿಂದ ಅವಧಾನಿಗಳು.

"ಕರುವಾದರೆ ಹೇಳಿದ ಮಾತು ಕೇಳ್ತಿತ್ತು" ಎಂದು ಆಕೆ ಒಳಗೆ ಹೋದರು.

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ತಿರುಮಕೂಡಲಿನಲ್ಲಿ ಹರಿಗೋಲು ಹೊಳೆಯ ನಡುವೆ ತಿರುಗುತ್ತಿದ್ದಾಗ ಅವರು ಎದ್ದು ನಿಂತು ಸಂಗಮಕ್ಕೆ ಕೈಮುಗಿದರು. ಅಂಬಿಗ ಬೈದ ಬೈಗುಳ ಅವರಿಗೆ ಕೇಳಿಸದಿರಲಿ ಎಂದು ನಾನು ಜೋರಾಗಿ ಕೆಮ್ಮಿದೆ. ಹೆಮ್ಮಿಗೆಯಲ್ಲಿ ಕೆರೆಯ ಪಕ್ಕದ ವೀರಗಲ್ಲಿಗೆ ಮಸಿ ಒತ್ತಿದ್ದಕ್ಕೆ ಒಬ್ಬ ಅಜ್ಜಿ ಬಂದು, "ನಮ್ಮಪ್ಪನ ಮಕಕ್ಕೆ ಮಸಿ ಬಳ್ದ್ಯಲ್ಲೋ, ನಿನ್ ಮಕಕ್ಕೆ ಬಳೀತೀನಿ ಬಾ" ಎಂದು ಸಗಣಿ ಕೈಯಲ್ಲೇ ನಿಂತಳು. ಆ ಕಲ್ಲನ್ನು ತೊಳೆದು ಎಣ್ಣೆ ಹಚ್ಚಿ, ಹೂವಿಟ್ಟ ಮೇಲೆ ಬಿಟ್ಟಳು. ಇಷ್ಟೆಲ್ಲ ಆಗುವಾಗ ಅವಧಾನಿಗಳು ಕೆರೆಯ ಏರಿಯ ತುದಿಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದರು. ಮುಡುಕುತೊರೆಯ ಬೆಟ್ಟದಲ್ಲೂ ಹಾಗೇ. ಬರೀ ಬಂಡೆ, ಹಿಡಿಯಲು ಒಂದು ಗಿಡವಿಲ್ಲ. ಅವರು ಬಂಡೆಯ ಮೇಲಿನ ಎರಡು ಸಾಲು ಓದುತ್ತ ಹಿಂದೆ ಸರಿದ ಹಾಗೆಲ್ಲ ನಾನು ಮಸಿ ಡಬ್ಬಿ ಬಿಟ್ಟು ಅವರ ಬೆನ್ನ ಹಿಂದೆ ಹೋಗಿ ಅಡ್ಡ ನಿಲ್ಲುತ್ತಿದ್ದೆ.

"ಏನಯ್ಯ, ನನ್ನ ಹಿಂದೆ ಏನು ಕೆಲಸ ನಿನಗೆ?"

"ಗಾಳಿ ಚೆನ್ನಾಗಿದೆ ಇಲ್ಲಿ."

"ಅಚ್ಚಿನ ಕಾಗದಕ್ಕೂ ಚೆನ್ನಾಗಿದೆ, ಹಾರಿಹೋಗ್ತಿದೆ ನೋಡು" ಎಂದರು. ನಿಜವಾಗಿಯೂ ಹಾರುತ್ತಿತ್ತು.

ಬೆಟ್ಟದ ಮೇಲಿನಿಂದ ತಲಕಾಡಿನ ಕಡೆ ನೋಡಿದರೆ ನನಗೆ ಭಾಗೀರಥಮ್ಮನವರ ಮಾತೇ ನೆನಪಾಗುತ್ತಿತ್ತು. ಹೊಳೆಯ ಅಂಚಿನ ಹಸಿರು ಮುಗಿದ ಕೂಡಲೆ ಮರಳು, ದಿಬ್ಬದ ಹಿಂದೆ ದಿಬ್ಬ, ಕಣ್ಣು ಬಿಡಲಾಗದ ಬಿಳುಪು. ಅಲ್ಲಲ್ಲಿ ಕಳ್ಳಿ, ಒಂದೆರಡು ಈಚಲು. ಅದರ ನಡುವೆ ಗುಡಿಗಳ ನೆತ್ತಿಗಳು ಮಾತ್ರ ಹೊರಗಿದ್ದವು. ರಾಣಿಯ ಶಾಪದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ನಾನು ಹೇಳುವುದಿಲ್ಲ. ಆ ದಿಬ್ಬ ಹತ್ತುವಾಗ ಇಟ್ಟ ಹೆಜ್ಜೆ ಅರ್ಧಕ್ಕರ್ಧ ಹಿಂದಕ್ಕೆ ಜಾರುತ್ತದೆ. ಬಿಸಿಲೇರಿದ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಮಧ್ಯಾಹ್ನದ ಗಾಳಿ ಎದ್ದರೆ ಮರಳು ನೆಲಮಟ್ಟದಲ್ಲಿ ಹೊಗೆಯ ಹಾಗೆ ಓಡುತ್ತದೆ; ಬೆಳಿಗ್ಗೆ ನಾವು ಬಂದ ಹೆಜ್ಜೆಗುರುತು ಆಗ ಇರುವುದಿಲ್ಲ. ಒಂದು ಗೋಪುರದ ತುದಿಯ ಪಕ್ಕ ಕೂತು ಬುತ್ತಿ ಬಿಚ್ಚಿದಾಗ, ನಾವು ಕೂತಿರುವುದು ದೇವಸ್ಥಾನದ ಸೂರಿನ ಮಟ್ಟದಲ್ಲಿ ಎಂದು ನೆನಪಾಗಿ ಬುತ್ತಿಯನ್ನು ಹಾಗೇ ಮತ್ತೆ ಕಟ್ಟಿಟ್ಟೆ.

ನಮಗೆ ಬೇಕಾದ ಕಲ್ಲು ಅಂಥ ಒಂದು ಗುಡಿಯ ಬಾಗಿಲ ಪಕ್ಕದಲ್ಲಿತ್ತು. ತೋಡುವ ಕೆಲಸ ಊರಿನ ಮಾದೇಗೌಡನದು. ಅವನೂ ಅವನ ಅತ್ತಿಗೆ ನಿಂಗಮ್ಮನೂ ಇನ್ನು ಕೆಲವು ಹೆಂಗಸರೂ ಮಂಕರಿಯಲ್ಲಿ ಮರಳು ಹೊತ್ತು ಕಲ್ಲಿನ ಬುಡದ ತನಕ ಗುಂಡಿ ಮಾಡಿದ್ದರು. ಒಣ ಮರಳು ನಿಲ್ಲುವುದಿಲ್ಲ, ಒದ್ದೆ ಮರಳು ಗೋಡೆಯ ಹಾಗೆ ನಿಲ್ಲುತ್ತದೆ. ಅದಕ್ಕಾಗಿ ಹೊಳೆಯಿಂದ ಕೊಡಗಳಲ್ಲಿ ನೀರು ತಂದು ಗುಂಡಿಯ ಗೋಡೆಗೆ ಸುರಿಯುತ್ತ, ಅದಕ್ಕೆ ತೆಂಗಿನ ಗರಿ ಒರಗಿಸಿ ಗೂಟ ಹೊಡೆಯುತ್ತ ಇಳಿದಿದ್ದರು. ಗೋಡೆ ಕಂದುಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ನಿಂತಿತ್ತು. ನಿಂಗಮ್ಮ ಅದಕ್ಕೊಂದು ಗುದ್ದು ಹಾಕಿ, "ನಮ್ ಮನೆ ಗ್ವಾಡೆನೂ ಇಂಗಿಲ್ಲ ಕನ್ ಸಾ" ಎಂದಳು.

"ನಿಮ್ ಮನೆ ಗ್ವಾಡೆ ಕಟ್ದೋನು ನಾನಲ್ವಾ, ಅದ್ಕೇ ಅಂಗದೆ" ಎಂದ ಮಾದೇಗೌಡ.

ಅವಧಾನಿಗಳಿಗೆ ಗುಂಡಿಯ ಆಚೆ ದಂಡೆಯಲ್ಲಿ ಮಣೆ ಹಾಕಿ ಛತ್ರಿ ನೆಟ್ಟೆ. "ನೀವು ಇಲ್ಲೇ ಇರಿ, ಅಚ್ಚು ತೆಗೆದು ಮೇಲಕ್ಕೇ ತಂದುಕೊಡುತ್ತೇನೆ" ಎಂದೆ. ಹೂಂ ಎಂದರು. ನಾನು ಕೆಳಗಿಳಿದು ಕಲ್ಲು ತೊಳೆದೆ, ಕಾಗದ ಹಾಸಿದೆ, ಬಡಿದೆ, ಮಸಿ ಒತ್ತಿದೆ. ತುಂಬ ಚೆನ್ನಾಗಿ ಬಂತು. ಕೆಳಗಿನ ಸಾಲುಗಳು ಮಾತ್ರ ಹಾಸಿದ ಕಾಗದಕ್ಕೆ ಸಿಗದೆ ಉಳಿದವು. ಮೊದಲ ಹಾಳೆ ಬಿಡಿಸಿದ ಮೇಲೆ ಎರಡನೆಯದು ಹಾಸಬೇಕಿತ್ತು. ಒಣಗಲು ಬಿಟ್ಟು ಎರಡನೆಯ ಹಾಳೆ ತರಲು ಮೇಲೆ ಗಾಡಿಯ ಕಡೆ ಹೋದೆ.

ತಿರುಗಿ ಬಂದಾಗ ಮಣೆ ಖಾಲಿ.

"ಅವ್ರೇ ಇಳುದ್ರು ಸಾ" ಎಂದ ಮಾದೇಗೌಡ, ನಾನು ಕೇಳುವ ಮೊದಲೇ. "ಬ್ಯಾಡಿ ಸಾಮಿ ಅಂದೆ. ಅಡ್ಡ ನಿಂತ್ರೆ ಮೈಗೆ ತಗಲೀತು, ಮಡೀಲವ್ರೆ. ನಾ ಏನ್ ಮಾಡಾನ?"

ಅವರು ಗುಂಡಿಯ ಬುಡದಲ್ಲಿ ಪದ್ಮಾಸನ ಹಾಕಿದವರ ಹಾಗೆ ಕೂತು, ಕೆಳಗಿನ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದರು. ತುಟಿ ಅಲುಗುತ್ತಿತ್ತು. ಬೆನ್ನು ಮರಳಿನ ಗೋಡೆಗೆ. ನಾನು ಇಳಿದು ಮಾರು ದೂರ ನಿಂತೆ.

"ಮೇಲೆ ಹೋಗೋಣ. ಹಾಳೆ ತಂದಿದ್ದೇನೆ, ಅದರಲ್ಲೇ ಓದಬಹುದು."

"ಕಾಗದದ ಹತ್ತಿರ ಮಾತಾಡಬೇಡ, ಉಗುಳು ಹಾರುತ್ತೆ."

"ಭಾಗೀರಥಮ್ಮನವರು ಹೇಳಿದ್ದರು..."

"ಅವಳು ಈ ಲಿಪಿ ಓದ್ತಾಳೇನು? ಇನ್ನೆರಡು ಸಾಲು."

ಮಸಿ ಒತ್ತಿದ ಮೇಲೆ ಗುಂಡಿಯೊಳಗೆ ನೀರು ತರಬಾರದೆಂದು ಅವಧಾನಿಗಳು ಮೊದಲೇ ಕಟ್ಟಪ್ಪಣೆ ಮಾಡಿದ್ದರು, ಅದು ನಮ್ಮ ಕೆಲಸದ ಪದ್ಧತಿಯೂ ಹೌದು. ಹೆಂಗಸರು ತುಂಬಿದ ಕೊಡಗಳನ್ನು ದಂಡೆಯ ಮೇಲೆ ಸಾಲಾಗಿಟ್ಟು ಕೂತಿದ್ದರು. ನಾವೆಲ್ಲ ಕಾಗದವನ್ನೇ ನೋಡುತ್ತಿದ್ದೆವು. ಅಂಚು ಬೆಳ್ಳಗಾಗಿ ಕಲ್ಲಿನಿಂದ ಸ್ವಲ್ಪ ಎದ್ದಿತ್ತು, ಇನ್ನೇನು ಒಣಗಿತು. ಕಾಗದದಿಂದ ಕಣ್ಣು ತೆಗೆದು ಸುಮ್ಮನೆ ಗೋಡೆಯ ಕಡೆ ನೋಡಿದೆ. ಗರಿಗಳ ಸಂದಿಯಲ್ಲಿ ಗೋಡೆಯೂ ಬೆಳ್ಳಗಾಗಿತ್ತು. ಕಾಗದ ಒಣಗಲಿ ಎಂದು ಇಷ್ಟು ಹೊತ್ತು ಕಾದಿದ್ದೆವಲ್ಲ, ಅದೇ ಬಿಸಿಲು, ಅದೇ ಗಾಳಿ ಗೋಡೆಯನ್ನೂ ಒಣಗಿಸುತ್ತಿತ್ತು.

ಮೊದಲು ಒಂದು ಗರಿಯ ಕೆಳಗಿನಿಂದ ಮರಳು ಸಣ್ಣಗೆ ಸುರಿಯಿತು, ತೂತಾದ ಚೀಲದಿಂದ ರವೆ ಸುರಿದ ಹಾಗೆ. ಸದ್ದೂ ಇಲ್ಲ.

"ಏಳಿ" ಎಂದೆ. "ಏಳಿ, ಏಳಿ!" ಮೇಲಧಿಕಾರಿಗಳೊಂದಿಗೆ ಅಷ್ಟು ಜೋರಾಗಿ ನಾನು ಅದಕ್ಕೆ ಮುಂಚೆ ಮಾತಾಡಿರಲಿಲ್ಲ.

ಅವರು ತಲೆಯೆತ್ತಿ ನನ್ನ ಮುಖ ನೋಡಿ, ಹಿಂದೆ ತಿರುಗಿ ನೋಡಿದರು. ಏಳಲು ಹೋದರು. ಮಂಡಿ ಹಿಡಿದುಕೊಂಡಿತು. ಆ ಹೊತ್ತಿಗೆ ಗರಿಯೊಂದು ಗೂಟದ ಸಮೇತ ಬಿದ್ದು, ಅದರ ಹಿಂದೆ ಒಂದು ಗುಡಾಣದಷ್ಟು ಮರಳು ಜಾರಿ ಅವರ ತೊಡೆಯ ಮೇಲೆ ಕೂತಿತು. ಪಂಚೆಯ ಅಂಚು ಅದರಡಿ ಸಿಕ್ಕಿತು. ಮಾದೇಗೌಡನೂ ನಿಂಗಮ್ಮನೂ ಜಾರಿಕೊಂಡೇ ಕೆಳಗೆ ಬಂದರು. ಇನ್ನೊಂದು ಸಲ ಮರಳು ಜಾರಿತು. ಈಗ ಅವರ ಸೊಂಟದವರೆಗೆ.

ಆಗ ನಡೆದದ್ದನ್ನು ಈಗಿನವರು ನಂಬುವುದು ಕಷ್ಟ. ಮಾದೇಗೌಡ ಎರಡು ಕೈಯನ್ನೂ ಚಾಚಿದ. ಕೈಗಳು ಅವರ ಮೈಗೆ ಗೇಣು ದೂರದಲ್ಲಿ ನಿಂತವು. ನಿಂಗಮ್ಮನ ಕೈಯೂ ನಿಂತಿತು. ನಾನೂ ಮುಂದೆ ಬಾಗಿದ್ದೆ, ನನ್ನ ಮಸಿ ಬೆರಳುಗಳೂ ಗಾಳಿಯಲ್ಲೇ ನಿಂತಿದ್ದವು. ಅವರು ಇನ್ನೂ ಉಂಡಿಲ್ಲ, ಮಡಿಯಲ್ಲಿದ್ದಾರೆ. ಮರಳು ಸುರಿಯುತ್ತಲೇ ಇತ್ತು.

"ಮುಟ್ಟಬೋದಾ ಸಾಮಿ?" ಎಂದಳು ನಿಂಗಮ್ಮ. "ಸಾಮಿ, ಯೋಳಿ ಬಿರ್‍ನೆ, ಮುಟ್ಟಬೋದಾ?"

ಅವಧಾನಿಗಳು ಅವಳ ಮುಖ ನೋಡಿದರು. ಕಲ್ಲಿನ ಮೇಲಿದ್ದ ಕಾಗದ ನೋಡಿದರು. ಆಮೇಲೆ ತಾವೇ ಕೈ ಚಾಚಿ ನಿಂಗಮ್ಮನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಳೆ ಒಡೆದ ಸದ್ದು ಕೇಳಿಸಿತು.

ಅಷ್ಟಾದದ್ದೇ ತಡ, ಮಾದೇಗೌಡ ಅವರ ಕಂಕುಳಿಗೆ ಕೈ ಹಾಕಿದ. ನಾನು ಮೇಲಿನ ಹೆಂಗಸರನ್ನು ಕೂಗಿದೆ. "ನೀರು ಸುರೀರಿ! ಗೋಡೆಗೆ! ಅಷ್ಟೂ ಸುರೀರಿ!"

"ಕಾಗ್ದ ಕೆಡ್ತದೆ ಸಾ!" ಎಂದಳು ಮೇಲಿನಿಂದ ಒಬ್ಬಳು. ಬೆಳಗಿನಿಂದ ನಾವೇ ಅವರಿಗೆ ಅದನ್ನು ಕಲಿಸಿದ್ದು.

"ಕೆಡಲಿ, ಸುರೀರಿ!"

ಕೊಡಗಳು ಒಂದರ ಹಿಂದೆ ಒಂದು ಬೋರಲಾದವು. ನೀರು ಗೋಡೆಯ ಮೇಲೂ ನಮ್ಮ ತಲೆಯ ಮೇಲೂ ಕಲ್ಲಿನ ಮೇಲೂ ಬಿತ್ತು. ಸುರಿಯುತ್ತಿದ್ದ ಮರಳು ಮುದ್ದೆಯಾಗಿ ನಿಂತಿತು. ಎಷ್ಟು ಹೊತ್ತು ನಿಂತೀತೋ ತಿಳಿಯದು. ನಾನು ಎರಡು ಕೈಯಲ್ಲೂ ಅವರ ಕಾಲ ಮೇಲಿನ ಮರಳು ಬಾಚಿದೆ. ಪಂಚೆ ಬರಲಿಲ್ಲ, ಹರಿದೆ. ಮೂವರೂ ಸೇರಿ ಎಳೆದು, ನೂಕಿ, ಅವರನ್ನು ದಂಡೆಯ ಮೇಲೆ ಕೆಡವಿದೆವು. ನಾನು ಕೊನೆಗೆ ಹತ್ತಿ ತಿರುಗಿ ನೋಡಿದಾಗ ಕಲ್ಲಿನ ಮೇಲಿನ ಅಚ್ಚು ಕಪ್ಪು ನೀರಾಗಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆ ಪೂರ್ತಿ ಕೂತಿತು. ಕಲ್ಲಿನ ತಲೆ ಮಾತ್ರ ಮೇಲೆ ಉಳಿಯಿತು.

ಮಾದೇಗೌಡ ಬೀಡಿ ಹಚ್ಚಲು ನೋಡಿದ, ಒದ್ದೆಯಾಗಿ ಹತ್ತಲಿಲ್ಲ. ನಿಂಗಮ್ಮ ಮುಂಗೈಯಲ್ಲಿ ಸಿಕ್ಕಿದ್ದ ಬಳೆಯ ಚೂರು ಕೀಳುತ್ತ, "ಎಂತಾ ಇಡ್ತ ಕನವ್ವಾ, ಮೊಸಳೆ ಇಡ್ದಂಗೆ ಇಡ್ಕಂಡ್ರು" ಎಂದು ಪಕ್ಕದವಳಿಗೆ ಹೇಳಿದಳು. ಪಕ್ಕದವಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಭಯಕ್ಕೆ ಬಂದ ನಗು ಅದು, ನಿಲ್ಲಲು ಹೊತ್ತು ಹಿಡಿಯಿತು. ಅವಧಾನಿಗಳು ನಗಲಿಲ್ಲ. ಅವಳ ಕೈ ನೋಡಿ, "ರಕ್ತ ಬರ್ತಿದೆಯಲ್ಲಮ್ಮ" ಎಂದು ತಮ್ಮ ಹರಿದ ಪಂಚೆಯ ಅಂಚನ್ನೇ ಇನ್ನಷ್ಟು ಹರಿದು ಕೊಟ್ಟರು.

ಆ ಕಲ್ಲನ್ನು ಮತ್ತೆ ತೋಡಲು ಆ ವರ್ಷ ಅಪ್ಪಣೆ ಸಿಗಲಿಲ್ಲ. ಕೆಳಗಿನ ಸಾಲುಗಳಲ್ಲಿ ಒಂದೂವರೆ ಸಾಲನ್ನು ಅವರು ಬೆರಳಿನಲ್ಲಿ ಓದಿದ್ದರು, ಬಾಯಿಪಾಠವೂ ಆಗಿತ್ತು. ಅದನ್ನು ಪ್ರಕಟಿಸಿ ಎಂದು ನಾನು ಎಷ್ಟೋ ಸಲ ಹೇಳಿದೆ. "ಅಚ್ಚು ಎಲ್ಲಿದೆ? ನನ್ನ ಬೆರಳನ್ನು ಕತ್ತರಿಸಿ ಲಗತ್ತಿಸಲೇ?" ಎನ್ನುತ್ತಿದ್ದರು. ನೀರು ಸುರಿಸಿದ್ದಕ್ಕೆ ಮಾತ್ರ ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ನಂಜನಗೂಡಿಗೆ ಬರುವ ದಾರಿಯುದ್ದಕ್ಕೂ "ಅವಳಿಗೆ ಹೇಳಬೇಡ, ಅವಳಿಗೆ ಹೇಳಬೇಡ" ಎಂದು ನನಗೆ ಹೇಳಿ, ಮನೆಯ ಜಗಲಿ ಹತ್ತಿದ ಕೂಡಲೇ ಎಲ್ಲವನ್ನೂ ತಾವೇ ಒದರಿಬಿಟ್ಟರು. ಭಾಗೀರಥಮ್ಮನವರು ನನ್ನನ್ನು ನೋಡಿ, "ಪಂಚೆ ಹರಿದದ್ದು ಯಾರು?" ಎಂದಷ್ಟೇ ಕೇಳಿದರು. "ನಾನೇ" ಎಂದೆ. ಒಳಗೆ ಹೋಗಿ ಒಂದು ಲೋಟ ಹಾಲು ತಂದುಕೊಟ್ಟರು.

ಹೊಸಬರಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಮರಳಿನಲ್ಲಿ ಕಾಗದ ಒಣಗುತ್ತಿರುವಾಗ ಒಬ್ಬನನ್ನು ಗೋಡೆ ನೋಡಲು ಬಿಡಿ, ಅವನು ಕಾಗದದ ಕಡೆ ತಿರುಗದಿರಲಿ. ಗುಂಡಿಗೆ ಇಳಿಯುವವರು ಯಾರೇ ಇರಲಿ, ಅವರನ್ನು ಮುಟ್ಟಲು ಮೇಲಿರುವಾಗಲೇ ಅಪ್ಪಣೆ ಪಡೆದುಕೊಳ್ಳಿ.

ತಲಕಾಡಿನಲ್ಲಿ ಗೋಡೆ ಕುಸಿದ ಆ ದಿನ ಇಳಿಹೊತ್ತಿಗೆ ಹೊಳೆದಂಡೆಯ ಮಂಟಪಕ್ಕೆ ಬಂದೆವು. ನಾನು ಅವಲಕ್ಕಿ ನೆನೆಸಿ, ಗೊಜ್ಜು ಕಲಸಿ, ಊರಿನಿಂದ ತರಿಸಿದ್ದ ಮೊಸರು ತೆಗೆದಿಟ್ಟು, ಅವರು ಮತ್ತೆ ಸ್ನಾನಕ್ಕೆ ಹೋಗಲಿ ಎಂದು ಒಣಗಿದ ಪಂಚೆ ಹಿಡಿದು ನಿಂತೆ. ಅವರು ಕಂಬಕ್ಕೆ ಒರಗಿ ಕೂತವರು ಏಳಲಿಲ್ಲ.

"ಮರಳಲ್ಲೂ ಆಯ್ತು, ನೀರಲ್ಲೂ ಆಯ್ತು, ಇನ್ನೆಷ್ಟು ಸಲ ಸ್ನಾನ ಮಾಡಿಸ್ತೀಯಯ್ಯ? ಬಡಿಸು" ಎಂದರು. "ನೀನೂ ಹಾಕ್ಕೊಂಡು ಇಲ್ಲೇ ಕೂತ್ಕೊ."

ಎದುರು ಕೂತು ಉಂಡೆವು. ಅವಲಕ್ಕಿಯಲ್ಲಿ ಮರಳು ಕರುಕುರು ಎಂದಿತು, ಇಬ್ಬರೂ ಉಗುಳಲಿಲ್ಲ. ಹೊರಟಂದಿನಿಂದ ದಿನವೂ ಅವರು ಮಲಗಿ ಗೊರಕೆ ಹೊಡೆದ ಮೇಲೆಯೇ ನನಗೆ ಕಣ್ಣು ಹತ್ತುತ್ತಿತ್ತು. ಆವತ್ತು ಎಲೆ ಎತ್ತಿ, ಕೈ ತೊಳೆದು, ಚಾಪೆಯ ಮೇಲೆ ಸುಮ್ಮನೆ ಒರಗಿದ್ದಷ್ಟೇ ನೆನಪು. ಎಚ್ಚರವಾದಾಗ ಬೆಳಗಾಗಿತ್ತು. ಅವರ ಶಾಲು ನನ್ನ ಮೇಲಿತ್ತು. ದೀಪವನ್ನು ಅವರೇ ಆರಿಸಿದ್ದರು.